ಗೇಟಿನವನ ಐನೂರೈವತ್ತು ರೂಪಾಯಿ

ಈ ವಾರ ಈ ಪುಟದಲ್ಲಿ ಯಾವ ಹೀರೋ ಸುದ್ದಿಯೂ ಇಲ್ಲ, ಯಾವ ಹೀರೋಯಿನ್ ಗಾಳಿಮಾತೂ ಇಲ್ಲ. ಬೇಜಾರು ಮಾಡ್ಕೋಬೇಡಿ ಗೆಳೆಯರೇ! ಬಸ್ಸು ಹೊರಡೋಕೆ ಇನ್ನೂ ಹತ್ತು ನಿಮಿಷ ಇದೆ ಅಂತ ತಾನೇ ಈ ಪತ್ರಿಕೆ ಕೊಂಡಿದ್ದು? ಆ ಹತ್ತು ನಿಮಿಷ ನನಗೆ ಕೊಡಿ. ಕಂಡಕ್ಟರು ಸೀಟಿ ಊದೋದರೊಳಗೆ ಮುಗಿಸ್ತೀನಿ.

ಮೊನ್ನೆ ಟಪಾಲಿನಲ್ಲಿ ಒಂದು ಕಾಗದ ಬಂತು. ಹೆಸರಿಲ್ಲ, ಊರಿಲ್ಲ. ನೋಟ್‌ಬುಕ್ಕಿನಿಂದ ಹರಿದ ಹಾಳೆ.

"ಸಾರ್, ನಾನು ಹುಡುಗ. ನನಗೆ ಇಷ್ಟವಾದವನೂ ಹುಡುಗನೇ. ಇಬ್ಬರಿಗೂ ಇಪ್ಪತ್ತೆರಡು ದಾಟಿದೆ. ಮೊಬೈಲಿನಲ್ಲಿ ಪರಿಚಯವಾದ ಒಬ್ಬ ನಮ್ಮಿಬ್ಬರ ಫೋಟೋ ಇಟ್ಕೊಂಡು ದುಡ್ಡು ಕೇಳ್ತಿದ್ದಾನೆ. ಕೊಡದಿದ್ರೆ 377 ಕೇಸು ಹಾಕಿಸಿ ಹತ್ತು ವರ್ಷ ಒಳಗೆ ಕೂರಿಸ್ತೀನಿ ಅಂತಾನೆ. ಎರಡು ಸಲ ಕೊಟ್ಟಾಯ್ತು. ಕೇಸಾಗುತ್ತಾ ಸಾರ್? ಪತ್ರಿಕೆಯಲ್ಲೇ ಉತ್ತರ ಹಾಕಿ."

ಈ ಪುಟಕ್ಕೆ ಬರೋ ಪ್ರಶ್ನೆಗಳು ನಿಮಗೆ ಗೊತ್ತೇ ಇವೆ. ಯಾವ ಚಿತ್ರ ಎಷ್ಟು ವಾರ ಓಡಿತು, ಯಾರಿಗೆ ಯಾರು ಡಬ್ಬಿಂಗ್ ಮಾಡಿದ್ದು, ಅವರಿಬ್ಬರ ಮಧ್ಯೆ ಮಾತುಕತೆ ಇದೆಯಾ ಇಲ್ಲವಾ... ಇಂಥವಕ್ಕೆ ಉತ್ತರ ಬರೆದು ಬರೆದು ನನ್ನ ತಲೆ ನೆರೆತಿದೆ. ಈ ಕಾಗದ ಮಾತ್ರ ಎರಡು ರಾತ್ರಿ ನಿದ್ದೆ ಕೆಡಿಸಿತು. ಯಾಕೆ ಅಂದರೆ ಇದೇ ಪ್ರಶ್ನೆಯನ್ನು ಇನ್ನೊಬ್ಬ ನನ್ನನ್ನು ಕೇಳಬೇಕಾಗಿತ್ತು. ನನ್ನ ಮುಖ ನೋಡಿ ಕೇಳದೇ ಹೋದ.

ಚಿಕ್ಕ ಉತ್ತರ ಮೊದಲೇ ಹೇಳಿಬಿಡ್ತೀನಿ ತಮ್ಮಾ. ಆಗಲ್ಲ. ಅವನು ಹೆದರಿಸೋ ಆ ಕಲಮು ಸತ್ತು ವರ್ಷಗಳೇ ಆದವು. ಮೂರನೇ ಸಲ ದುಡ್ಡು ಕೊಡಬೇಡ.

ಉದ್ದ ಉತ್ತರ ಹೇಳೋಕೆ ನಾನು ಮಂಚೇನಹಳ್ಳಿಗೆ ಹೋಗಿ ಬರಬೇಕು.

* * *

ನಮ್ಮೂರು ಮಂಚೇನಹಳ್ಳಿ. ಈಗ ತಾಲ್ಲೂಕು ಅನ್ನೋ ಬೋರ್ಡು ಹಾಕ್ಕೊಂಡು ಗತ್ತಿನಲ್ಲಿದೆ. ನಮ್ಮ ಕಾಲಕ್ಕೆ ಗೌರಿಬಿದನೂರು ತಾಲ್ಲೂಕಿನ ಒಂದು ಹೋಬಳಿ, ಜಿಲ್ಲೆ ಕೋಲಾರ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಮನೇಲಿ ಕನ್ನಡ, ಸಂತೇಲಿ ತೆಲುಗು, ಜಗಳಕ್ಕೆ ಎರಡೂ! ಸಿನಿಮಾನೂ ಹಾಗೇನೇ. ಒಂದು ವಾರ ಅಣ್ಣಾವ್ರು, ಇನ್ನೊಂದು ವಾರ ಎನ್.ಟಿ.ಆರ್.

ಸುಗ್ಗಿ ಮುಗಿದ ಮೇಲೆ ಟೂರಿಂಗ್ ಟಾಕೀಸು ಬರುತ್ತಿತ್ತು. ಮೈಕಿನಲ್ಲಿ 'ನಮೋ ವೆಂಕಟೇಶಾ' ಶುರುವಾಯ್ತು ಅಂದರೆ ಟಿಕೆಟ್ ಕೊಡ್ತಿದ್ದಾರೆ ಅಂತ ಅರ್ಥ. ಉಣ್ಣೋ ತಟ್ಟೆ ಬಿಟ್ಟು ಓಡುತ್ತಿದ್ದೆವು. ಒಂದೇ ಪ್ರೊಜೆಕ್ಟರು, ರೀಲು ಬದಲಾಯಿಸಿದಾಗಲೆಲ್ಲ ಒಂದು ಇಂಟರ್‌ವೆಲ್ಲು. ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ನಾಲ್ಕು ಕಬ್ಬಿಣದ ಕುರ್ಚಿ.

ಆ ಟೆಂಟಿನ ಗೇಟಿನಲ್ಲಿ ಟಿಕೆಟ್ ಹರಿಯೋ ಹುಡುಗ ನನ್ನ ಗೆಳೆಯ. ಹಗಲು ಹಿಟ್ಟಿನ ಗಿರಣಿ, ರಾತ್ರಿ ಟೆಂಟು. ಇವನ ಹೆಸರು ಬರೆಯಲ್ಲ. ಕತೆ ಬರೀ, ಹೆಸರು ಬೇಡ ಅಂತ ಅವನೇ ಹೇಳಿದ್ದಾನೆ. ಗೇಟಿನವನು ಅಂತಲೇ ಕರೆಯೋಣ. ಆಳು ಹೇಗಿದ್ದ ಅಂತೀರಿ? 'ನಾಗರಹಾವು' ನೋಡಿದ ಮೇಲೆ ರಾಮಾಚಾರಿ ಮೈಮೇಲೆ ಬಂದಂತೆ ಕಾಲರ್ ಎತ್ತಿಕೊಂಡು, ಕೈಗೆ ಕಡಗ ಹಾಕ್ಕೊಂಡು ತಿರುಗೋನು. ಗಿರಣಿಯಲ್ಲಿ ಮೂಟೆಗಳನ್ನು ಒಬ್ಬನೇ ಎತ್ತಿ ಒಟ್ಟುತ್ತಿದ್ದ. ಟಿಕೆಟ್ ಇಲ್ಲದೆ ಡೇರೆ ಎತ್ತಿ ನುಸುಳೋ ಹುಡುಗರನ್ನು ಕುತ್ತಿಗೆ ಹಿಡಿದು ಆಚೆ ಹಾಕ್ತಿದ್ದ. ನನ್ನೊಬ್ಬನನ್ನು ಮಾತ್ರ ಕಣ್ಣು ಮುಚ್ಚಿ ಒಳಗೆ ಬಿಡ್ತಿದ್ದ. ನಾನು ಈ ಪತ್ರಿಕೆಯ ಕಸುಬಿಗೆ ಬಿದ್ದದ್ದು ಅವನು ಬಿಟ್ಟ ಪುಕ್ಕಟೆ ಸಿನಿಮಾಗಳಿಂದಲೇ.

1984ರ ಸುಮಾರು. ತಿಂಗಳಿಗೊಂದು ಭಾನುವಾರ ಅವನು ಬೆಂಗಳೂರಿಗೆ ಹೋಗೋಕೆ ಶುರು ಮಾಡಿದ. ಮೆಜೆಸ್ಟಿಕ್‌ನಲ್ಲಿ ಹೊಸ ಸಿನಿಮಾ ನೋಡಿಕೊಂಡು ಬರ್ತೀನಿ ಅಂತಿದ್ದ. ಬಂದಾಗ ಮುಖದಲ್ಲಿ ಒಂದು ಕಳೆ. ಯಾವುದೋ ಹುಡುಗಿ ಬಿದ್ದಿದ್ದಾಳೆ ಅಂತ ನಾವೆಲ್ಲ ತೀರ್ಮಾನ ಮಾಡಿದೆವು. ಸ್ವಲ್ಪ ದಿನಕ್ಕೆ ಕಳೆ ಹೋಯಿತು. ಕೈಯಲ್ಲಿದ್ದ ಎಚ್‌ಎಂಟಿ ವಾಚು ಹೋಯಿತು. ಸೈಕಲ್ಲು ಹೋಯಿತು. ಒಂದು ಸಂಜೆ ಬಸ್ ಸ್ಟ್ಯಾಂಡಿನ ಟೀ ಅಂಗಡಿ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದು, "ನೂರು ರೂಪಾಯಿ ಇದ್ರೆ ಕೊಡೋ, ತುಂಬಾ ತೊಂದರೇಲಿದ್ದೀನಿ" ಅಂದ.

ನನ್ನ ಜೇಬಿನಲ್ಲಿ ಇತ್ತು. ಸುಳ್ಳು ಹೇಳಲ್ಲ, ಇತ್ತು. ನಾನು ಕಣ್ಣು ಹೊಡೆದು, "ಯಾವಳಿಗೋ? ಅವಳ ಹೆಸರು ಹೇಳು, ದುಡ್ಡು ತಗೋ" ಅಂದೆ.

ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಬಾಯಿ ತೆರೆದ. ಆಮೇಲೆ ಮುಚ್ಚಿದ. "ಬಿಡು" ಅಂತ ಹೊರಟುಹೋದ.

ಅವತ್ತೇ ರಾತ್ರಿ ಟೆಂಟಿನಲ್ಲಿ ಒಂದು ಹಾಸ್ಯ ದೃಶ್ಯ. ನಿಮಗೆ ಗೊತ್ತಿರೋ ಥರದ್ದೇ. ಸೊಂಟ ಬಳುಕಿಸಿಕೊಂಡು, ಕೈ ತಿರುಗಿಸಿಕೊಂಡು ಒಬ್ಬ ಗಂಡಸು ಬರ್ತಾನೆ, ಹೀರೋ ಅವನ ಕೆನ್ನೆಗೆ ಬಾರಿಸ್ತಾನೆ. ಟೆಂಟೆಲ್ಲ ಸಿಳ್ಳೆ. ಎಲ್ಲರಿಗಿಂತ ಜೋರಾಗಿ ಸಿಳ್ಳೆ ಹೊಡೆದು, ಬಾಯಿಗೆ ಬಂದ ಹೆಸರು ಕೂಗಿದವನು ನಾನು. ಹಿಂದೆ ತಿರುಗಿ ನೋಡಿದೆ. ಗೇಟಿನವನು ಟಾರ್ಚು ಹಿಡಿದುಕೊಂಡು ಕಂಬಕ್ಕೆ ಒರಗಿ ನಿಂತಿದ್ದ. ಅವನು ನಗಲಿಲ್ಲ.

ಎರಡು ದಿನಕ್ಕೆ ಊರು ಬಿಟ್ಟ. ಎಲ್ಲಿಗೆ ಹೋದ ಅಂತ ಮನೆಯವರಿಗೂ ಗೊತ್ತಾಗಲಿಲ್ಲ.

* * *

ಇನ್ನು ಒಂದು ಸಿನಿಮಾ ಕತೆ ಹೇಳ್ತೀನಿ ಕೇಳಿ. ಸಿನಿಮಾ ಪತ್ರಿಕೆಯಲ್ಲಿ ಸಿನಿಮಾ ಬೇಡವೇ?

1961ರಲ್ಲಿ ಇಂಗ್ಲೆಂಡಿನಲ್ಲಿ 'ವಿಕ್ಟಿಮ್' ಅಂತ ಒಂದು ಚಿತ್ರ ಬಂತು. ನಿರ್ದೇಶಕ ಬೇಸಿಲ್ ಡಿಯರ್ಡನ್. ಹೀರೋ ಡರ್ಕ್ ಬೊಗಾರ್ಡ್. ಆ ಕಾಲಕ್ಕೆ ಅಲ್ಲಿನ ಹುಡುಗಿಯರು ಅವನ ಫೋಟೋ ದಿಂಬಿನಡಿ ಇಟ್ಟುಕೊಂಡು ಮಲಗುವಂಥ ಸುಂದರಾಂಗ. ಕತೆ ಹೀಗಿದೆ. ಬ್ಯಾರೆಟ್ ಅಂತ ಒಬ್ಬ ಬಡ ಗುಮಾಸ್ತ ಹುಡುಗ. ಕಂಪನಿಯ ದುಡ್ಡು ಕದ್ದು ಓಡ್ತಾನೆ. ಪೊಲೀಸರು ಹಿಡಿದು ನೋಡಿದರೆ ಕೈಯಲ್ಲಿ ಬಿಡಿಕಾಸಿಲ್ಲ, ಉಡೋಕೆ ಒಳ್ಳೇ ಬಟ್ಟೆಯಿಲ್ಲ. ಹಾಗಾದರೆ ದುಡ್ಡೆಲ್ಲಿ? ಎಲ್ಲ ಬ್ಲಾಕ್‌ಮೇಲ್ ಮಾಡೋರ ಪಾಲಾಗಿದೆ. ಅವನೂ ಒಬ್ಬ ದೊಡ್ಡ ಲಾಯರೂ ಕಾರಿನಲ್ಲಿ ಕೂತಿರೋ ಒಂದು ಫೋಟೋ. ಅಷ್ಟೇ. ಆ ಫೋಟೋದಲ್ಲಿ ಹುಡುಗ ಅಳ್ತಾ ಇದ್ದಾನೆ. ಲಾಯರಿನ ಹೆಸರು ಹೇಳಬಾರದು ಅಂತ ಹುಡುಗ ಲಾಕಪ್ಪಿನಲ್ಲೇ ನೇಣು ಹಾಕ್ಕೊಳ್ತಾನೆ. ಆ ಲಾಯರೇ ನಮ್ಮ ಬೊಗಾರ್ಡ್. ಮದುವೆಯಾದವನು, ಇನ್ನೇನು ದೊಡ್ಡ ಪದವಿ ಕಾದಿದೆ. ಸುಮ್ಮನಿದ್ದರೆ ಬಚಾವ್. ಅವನು ಸುಮ್ಮನಿರಲ್ಲ. ಹೆಂಡತಿಗೆ ನಿಜ ಹೇಳಿ, ತನ್ನ ಹೆಸರು ಹಾಳಾದರೂ ಸರಿ ಅಂತ ಆ ಗ್ಯಾಂಗಿನ ಬೆನ್ನು ಹತ್ತುತ್ತಾನೆ.

ಇಂಥ ಪಾತ್ರ ಮಾಡಿದರೆ ಇಮೇಜು ಕೆಡುತ್ತೆ ಅನ್ನೋ ಭಯ ಅಲ್ಲಿನ ಹೀರೋಗಳಿಗೂ ಇತ್ತು. ಬೊಗಾರ್ಡ್ ಮಾಡಿದ. ಆರು ವರ್ಷಕ್ಕೆ, 1967ರಲ್ಲಿ, ಇಂಗ್ಲೆಂಡಿನ ಪಾರ್ಲಿಮೆಂಟು ಕಾನೂನು ಬದಲಾಯಿಸಿತು. 21 ತುಂಬಿದ ಇಬ್ಬರು ಗಂಡಸರು ಖಾಸಗಿಯಾಗಿ, ಒಪ್ಪಿಗೆಯಿಂದ ಇದ್ದರೆ ಅಪರಾಧ ಅಲ್ಲ ಅಂತಾಯಿತು. ಸಿನಿಮಾ ಒಂದರಿಂದಲೇ ಆಯಿತು ಅಂತ ನಾನು ಹೇಳಲ್ಲ. 1957ರಲ್ಲೇ ಸರ್ಕಾರದ ವುಲ್ಫೆಂಡೆನ್ ಸಮಿತಿ ಇದೇ ಶಿಫಾರಸು ಮಾಡಿತ್ತು. ಆದರೆ ಥಿಯೇಟರಿನಲ್ಲಿ ಕೂತು ಆ ಹುಡುಗನ ಪಾಡು ನೋಡಿದ ಜನಕ್ಕೆ ಸಮಿತಿಯ ವರದಿ ಓದೋ ಅವಶ್ಯಕತೆ ಬೀಳಲಿಲ್ಲ.

ಇಂಗ್ಲೆಂಡಿನ ಆ ಹಳೇ ಕಾನೂನು ಬಂದದ್ದು 1885ರಲ್ಲಿ. ಅದಕ್ಕೆ ಅಲ್ಲಿನ ಜನ ಇಟ್ಟ ಅಡ್ಡಹೆಸರು ಏನು ಗೊತ್ತೇ? 'ಬ್ಲಾಕ್‌ಮೇಲ್ ಮಾಡುವವರ ಸನ್ನದು' ಅಂತ! ನಮ್ಮ ಮಾತಿನಲ್ಲಿ ಹೇಳೋದಾದರೆ, ಹೆದರಿಸಿ ದುಡ್ಡು ಕೀಳೋನಿಗೆ ಸರ್ಕಾರವೇ ಕೊಟ್ಟ ಲೈಸೆನ್ಸು. ಸಾಹಿತಿ ಆಸ್ಕರ್ ವೈಲ್ಡ್‌ಗೆ 1895ರಲ್ಲಿ ಎರಡು ವರ್ಷ ಕಠಿಣ ಸಜೆ ಆದದ್ದು ಅದೇ ಕಾನೂನಿನಲ್ಲಿ.

ಅಲನ್ ಟ್ಯೂರಿಂಗ್ ಹೆಸರು ಕೇಳಿರಬೇಕು. 'ದಿ ಇಮಿಟೇಶನ್ ಗೇಮ್' ಚಿತ್ರ 2014ರಲ್ಲಿ ಬಂತಲ್ಲ, ಅದು ಅವನದೇ ಕತೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಗುಪ್ತ ಸಂಕೇತ ಒಡೆದವರಲ್ಲಿ ಮುಖ್ಯನಾದವನು. ಇವತ್ತಿನ ಕಂಪ್ಯೂಟರಿಗೆ ಅಡಿಪಾಯ ಹಾಕಿದ ತಲೆ. 1952ರಲ್ಲಿ ಅವನ ಮನೆ ಕಳುವಾಯಿತು. ಪಾಪ, ಪೊಲೀಸರಿಗೆ ದೂರು ಕೊಟ್ಟ. ವಿಚಾರಣೆಯಲ್ಲಿ ಅವನಿಗೊಬ್ಬ ಗೆಳೆಯ ಇರೋದು ಗೊತ್ತಾಯಿತು. ಕಳ್ಳನ ವಿಷಯ ಪಕ್ಕಕ್ಕೆ ಹೋಗಿ, ದೂರು ಕೊಟ್ಟವನೇ ಆರೋಪಿಯಾದ! ಜೈಲು ತಪ್ಪಿಸಿಕೊಳ್ಳೋಕೆ ಹಾರ್ಮೋನು ಔಷಧಿ ತಗೋಬೇಕಾಯಿತು. 1954ರಲ್ಲಿ, 41ನೇ ವಯಸ್ಸಿಗೆ ತೀರಿಕೊಂಡ. 2013ರಲ್ಲಿ ರಾಣಿಯ ಕ್ಷಮಾದಾನ ಬಂತು. ಸತ್ತು 59 ವರ್ಷ ಆದ ಮೇಲೆ.

ಈ ಕಾನೂನಿನ ಮರ್ಮ ಇದೇ ನೋಡಿ. ನಿಮ್ಮ ಮನೆ ಕಳುವಾದರೂ, ಜೇಬು ಹೋದರೂ, ಮೈಮೇಲೆ ಏಟು ಬಿದ್ದರೂ ನೀವು ಠಾಣೆ ಮೆಟ್ಟಿಲು ಹತ್ತೋ ಹಾಗಿಲ್ಲ.

* * *

ನಮ್ಮ ದೇಶಕ್ಕೆ ಬರೋಣ. ಇಂಡಿಯನ್ ಪೀನಲ್ ಕೋಡು ಇಂಗ್ಲಿಷರು 1860ರಲ್ಲಿ ಮಾಡಿದ್ದು. ಮೊದಲ ಕರಡು ಬರೆಸಿದವನು ಮೆಕಾಲೆ. ಅದರ 377ನೇ ಕಲಮು "ಪ್ರಕೃತಿ ನಿಯಮಕ್ಕೆ ವಿರುದ್ಧವಾದ" ಸಂಭೋಗಕ್ಕೆ ಹತ್ತು ವರ್ಷದವರೆಗೆ ಅಥವಾ ಜೀವಾವಧಿ ಶಿಕ್ಷೆ ಅಂದಿತು. ಒಪ್ಪಿಗೆ ಇತ್ತೋ ಇಲ್ಲವೋ ಅದು ಕೇಳೋದೇ ಇಲ್ಲ. ಗಂಡಸಿನ ಜೊತೆ ಆಗಲಿ, ಹೆಂಗಸಿನ ಜೊತೆ ಆಗಲಿ ಅಂತ ಬರೆದಿತ್ತು. ಅಂದರೆ ಮದುವೆಯಾದ ಗಂಡ ಹೆಂಡತಿ ಕೋಣೆಗೂ ಅದು ಇಣುಕಬಹುದಿತ್ತು. ನಮಗೇನು ಸಂಬಂಧ ಅಂತ ಸಿಳ್ಳೆ ಹೊಡೀತಿದ್ದ ನನ್ನಂಥವರ ತಲೆಮೇಲೂ ಅದು ತೂಗುತ್ತಿತ್ತು. ನಮಗದು ಗೊತ್ತಿರಲಿಲ್ಲ ಅಷ್ಟೇ.

ಬಸ್ ಸ್ಟ್ಯಾಂಡಿನಲ್ಲಿದ್ದೀರಿ, ಅದೇ ಭಾಷೇಲಿ ಹೇಳ್ತೀನಿ. ಇಂಗ್ಲಿಷರು 377 ಅಂತ ಒಂದು ನಂಬರಿನ ಬಸ್ಸು ಬಿಟ್ಟರು. ಅದು ಇಂಡಿಯಾದಿಂದ ಹೊರಟು ಬರ್ಮಾ, ಸಿಂಗಪುರ, ಮಲೇಶಿಯಾಕ್ಕೆಲ್ಲ ಹೋಯಿತು. ದೇಶ ಇಬ್ಭಾಗವಾದಾಗ ಪಾಕಿಸ್ತಾನಕ್ಕೂ ಆಮೇಲೆ ಬಾಂಗ್ಲಾದೇಶಕ್ಕೂ ಅದೇ ನಂಬರೇ ಪಾಲಿಗೆ ಬಂತು. ಶ್ರೀಲಂಕಾದಲ್ಲಿ ನಂಬರು 365, ಬಸ್ಸು ಅದೇ. ಬಿಟ್ಟವರು ತಮ್ಮೂರಲ್ಲಿ 1967ರಲ್ಲೇ ಇಳಿದುಕೊಂಡರು. ನಾವು ಇಳಿಯೋಕೆ ಇನ್ನೂ 51 ವರ್ಷ ಬೇಕಾಯಿತು. ನಮ್ಮ ಸಂಸ್ಕೃತಿ ಉಳಿಸೋಕೆ ಈ ಕಾನೂನು ಬೇಕು ಅಂತ ಹೇಳೋರು ಇದನ್ನೊಂಚೂರು ನೆನಪಿಟ್ಟುಕೊಂಡರೆ ಒಳ್ಳೇದು. ಅದು ನಮ್ಮ ಅಜ್ಜ ಮಾಡಿದ ಕಾನೂನಲ್ಲ, ವಿಕ್ಟೋರಿಯಾ ರಾಣಿ ಕಾಲದ್ದು.

ನಮ್ಮ ಬೆಂಗಳೂರಿನಲ್ಲಿ ಈ ಕಲಮು ಹೇಗೆ ಕೆಲಸ ಮಾಡುತ್ತಿತ್ತು ಅನ್ನೋದನ್ನು 2001ರಲ್ಲಿ ಪಿಯುಸಿಎಲ್ ಕರ್ನಾಟಕ ಘಟಕ ಒಂದು ವರದಿಯಾಗಿ ತಂದಿತು. ಪಾರ್ಕುಗಳಲ್ಲಿ, ಬಸ್ ನಿಲ್ದಾಣಗಳ ಸುತ್ತ ಗಂಡಸರನ್ನು ಹಿಡಿಯೋದು, 377 ಹೆಸರು ಹೇಳೋದು, ಮನೆಗೆ ತಿಳಿಸ್ತೀನಿ ಅನ್ನೋದು, ಇದ್ದಬದ್ದ ದುಡ್ಡು ಕಿತ್ತುಕೊಂಡು ಬಿಡೋದು. ಕೇಸು ಬರೆಯೋ ಗೋಜೇ ಇಲ್ಲ. ಕೇಸು ಬರೆದರೆ ದುಡ್ಡು ನಿಂತುಹೋಗುತ್ತಲ್ಲ!

ಇನ್ನು ಕೋರ್ಟಿನ ಕತೆ. ಇದರಲ್ಲಿ ಸಸ್ಪೆನ್ಸು, ಇಂಟರ್‌ವೆಲ್ಲು, ಟ್ವಿಸ್ಟು ಎಲ್ಲ ಇದೆ. 2009ರ ಜುಲೈ 2ರಂದು ದೆಹಲಿ ಹೈಕೋರ್ಟು, ವಯಸ್ಕರು ಒಪ್ಪಿ ಖಾಸಗಿಯಾಗಿ ಮಾಡಿದ್ದು ಅಪರಾಧವಲ್ಲ ಎಂದಿತು. ಜನ ಕುಣಿದರು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಆ ತೀರ್ಪು ರದ್ದು ಮಾಡಿದರು. ಕುಣಿದವರು ಬೆಳಗಾಗೋದರೊಳಗೆ ಮತ್ತೆ ಅಪರಾಧಿಗಳು! ಆಗ ಕೋರ್ಟು ಕೊಟ್ಟ ಕಾರಣಗಳಲ್ಲಿ ಒಂದು ಇದು: ಇಂಥವರ ಸಂಖ್ಯೆ ಬಹಳ ಚಿಕ್ಕದು, 150 ವರ್ಷಗಳಲ್ಲಿ ಈ ಕಲಮಿನಲ್ಲಿ ಮೊಕದ್ದಮೆ ಎದುರಿಸಿದವರು 200 ಜನಕ್ಕಿಂತಲೂ ಕಡಿಮೆ.

ಈ 200ರ ಲೆಕ್ಕ ನೆನಪಿಟ್ಟುಕೊಳ್ಳಿ. ಕೊನೆಗೆ ಬೇಕಾಗುತ್ತೆ.

ಟ್ವಿಸ್ಟು ಬಂದದ್ದು ಯಾರೂ ಎಣಿಸದ ಕಡೆಯಿಂದ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, 86ನೇ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ಕಾರ್ಡಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಅವರ ತಕರಾರಿಗೂ ಪ್ರೀತಿ ಪ್ರೇಮಕ್ಕೂ ಏನೂ ಸಂಬಂಧವಿರಲಿಲ್ಲ. ಆದರೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಪ್ರತಿಯೊಬ್ಬನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಯಾರನ್ನು ಪ್ರೀತಿಸುತ್ತೇವೆ ಅನ್ನೋದೂ ಆ ಖಾಸಗಿತನದೊಳಗೇ ಬರುತ್ತದೆ, ಜನ ಕಡಿಮೆ ಇದ್ದಾರೆ ಅಂತ ಹಕ್ಕು ಇಲ್ಲ ಅನ್ನೋಕಾಗಲ್ಲ ಅಂತಲೂ ಅದರಲ್ಲಿ ಬಂತು. ಕನ್ನಡದ ಆ ಹಿರಿಯರು ತೆರೆದ ಬಾಗಿಲಲ್ಲೇ ಮುಂದಿನವರು ಒಳಗೆ ಹೋದರು. ಅವರು 2024ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಕ್ಲೈಮ್ಯಾಕ್ಸು 2018ರ ಸೆಪ್ಟೆಂಬರ್ 6. ಭರತನಾಟ್ಯ ಕಲಾವಿದ ನವತೇಜ್ ಸಿಂಗ್ ಜೋಹರ್ ಮತ್ತಿತರರು ಹಾಕಿದ್ದ ಅರ್ಜಿ. ಜೊತೆಗೆ ನಮ್ಮ ಬೆಂಗಳೂರಿನ ಅಕ್ಕೈ ಪದ್ಮಶಾಲಿ ಮತ್ತು ಇನ್ನಿಬ್ಬರ ಅರ್ಜಿಯೂ ಇತ್ತು. ಅಕ್ಕೈ ಅವರಿಗೆ ನಮ್ಮ ಸರ್ಕಾರ 2015ರಲ್ಲೇ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟು ಸನ್ಮಾನ ಮಾಡಿತ್ತು. ಒಂದು ಕಡೆ ಶಾಲು ಹೊದಿಸಿ ಗೌರವ, ಇನ್ನೊಂದು ಕಡೆ ತಲೆಮೇಲೆ 377. ಐದು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದರು: ವಯಸ್ಕರು ಮನಸಾರೆ ಒಪ್ಪಿದರೆ ಅದು ಅಪರಾಧವಲ್ಲ. ನ್ಯಾಯಮೂರ್ತಿ ಇಂದು ಮಲ್ಹೋತ್ರಾ, ಇಷ್ಟು ತಡ ಮಾಡಿದ್ದಕ್ಕೆ ಇತಿಹಾಸವೇ ಇವರ ಕ್ಷಮೆ ಕೇಳಬೇಕು ಎಂಬರ್ಥದ ಮಾತು ಬರೆದರು. ಅದೇ ತಿಂಗಳ 27ರಂದು ವ್ಯಭಿಚಾರದ 497ನೇ ಕಲಮೂ ಹೋಯಿತು. ಹೆಂಡತಿ ಗಂಡನ ಸ್ವತ್ತು ಎಂಬಂತೆ ಬರೆದಿದ್ದ ಕಲಮು ಅದು. ಈಗ ಅದು ವಿಚ್ಛೇದನಕ್ಕೆ ಕಾರಣವಾಗಬಹುದು, ಜೈಲಿಗೆ ಅಲ್ಲ.

2024ರ ಜುಲೈ 1ರಿಂದ ಪೀನಲ್ ಕೋಡೇ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ಆ ಹಳೇ ಕಲಮು ಇಲ್ಲವೇ ಇಲ್ಲ. ಒಂದು ಕೊರತೆಯನ್ನೂ ಹೇಳಬೇಕು. ಬಲಾತ್ಕಾರವಾದಾಗ ವಯಸ್ಕ ಗಂಡಸಿಗೆ ಆಸರೆಯಾಗಿದ್ದದ್ದೂ ಅದೇ 377. ಅದರ ಬದಲಿಗೆ ಬೇರೆ ಕಲಮು ಬರೆಯದೆ ಪೂರ್ತಿ ಕಿತ್ತುಹಾಕಿದ್ದಾರೆ. ಇದು ಸರಿಯಾಗಬೇಕು. ಇನ್ನು 18 ತುಂಬದವರ ವಿಷಯದಲ್ಲಿ ಒಪ್ಪಿಗೆ ಅನ್ನೋ ಮಾತೇ ಇಲ್ಲ. ಅದಕ್ಕೆ ಪೋಕ್ಸೋ ಕಾಯ್ದೆ ಇದೆ, ಇರಲೇಬೇಕು.

ಡ್ರೈವರ್ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಗಲ್ಫಿಗೆ ಹಾರೋ ಹುಡುಗರು ನಮ್ಮ ಕಡೆಯೂ ಇದ್ದಾರೆ. ಅವರಿಗೊಂದು ಕಿವಿಮಾತು. ಇಲ್ಲಿ ಅಪರಾಧವಲ್ಲದ್ದು ಅಲ್ಲಿ ಅಪರಾಧ. ಪ್ರಪಂಚದ ಅರವತ್ತಕ್ಕೂ ಹೆಚ್ಚು ದೇಶಗಳಲ್ಲಿ ಇಂದಿಗೂ ಇದಕ್ಕೆ ಶಿಕ್ಷೆ ಇದೆ. ಕುವೈತಿನಲ್ಲಿ ಏಳು ವರ್ಷದವರೆಗೆ ಜೈಲು. ಸೌದಿ, ಇರಾನುಗಳಲ್ಲಿ ಮರಣದಂಡನೆಯವರೆಗೂ ಹೋಗಬಹುದು. ಉಗಾಂಡ 2023ರಲ್ಲಿ, ಇರಾಕ್ 2024ರಲ್ಲಿ ಹೊಸದಾಗಿ ಕಠಿಣ ಕಾನೂನು ಮಾಡಿಕೊಂಡವು. ಇನ್ನೊಂದು ಕಡೆ ಬೋಟ್ಸ್ವಾನದ ಕೋರ್ಟು 2019ರಲ್ಲಿ, ಮಾರಿಷಸ್‌ನ ಕೋರ್ಟು 2023ರಲ್ಲಿ ಹಳೇ ಕಾನೂನನ್ನು ತೆಗೆದುಹಾಕಿದವು. ಸಿಂಗಪುರದ ಪಾರ್ಲಿಮೆಂಟು 2022ರಲ್ಲಿ 377ಎ ಬಸ್ಸನ್ನು ಡಿಪೋಗೆ ಕಳಿಸಿತು.

* * *

ಈಗ ಗೇಟಿನವನ ಕಡೆ ಬರ್ತೀನಿ.

2018ರ ಆ ಸೆಪ್ಟೆಂಬರ್ 6ರ ರಾತ್ರಿ ನನ್ನ ಮೊಬೈಲಿಗೆ ಗೊತ್ತಿಲ್ಲದ ನಂಬರಿನಿಂದ ಫೋನು. "ನಮೋ ವೆಂಕಟೇಶಾ ಹಾಕಿದ್ರು, ಬರ್ತೀಯೇನೋ?" ಅಂತ ಒಂದು ದನಿ. ಮೂವತ್ನಾಲ್ಕು ವರ್ಷ ಆದ ಮೇಲೂ ದನಿ ಗುರುತು ಸಿಕ್ಕಿತು. ನಾನು ಎಲ್ಲಿದ್ದೀನಿ ಅಂತ ಈ ಪತ್ರಿಕೆ ನೋಡಿಕೊಂಡೇ ಅವನಿಗೆ ಗೊತ್ತಿತ್ತಂತೆ. ಇಷ್ಟು ವರ್ಷ ಫೋನು ಮಾಡಲಿಲ್ಲ.

ಭಾನುವಾರ ಭೇಟಿಯಾದೆವು. ತಲೆ ಬೋಳಾಗಿದೆ, ಕಡಗ ಮಾತ್ರ ಹಾಗೇ ಇದೆ. ಹೇಳಿದ. ಬೆಂಗಳೂರಿನಲ್ಲಿ ಅವನು ನೋಡೋಕೆ ಹೋಗುತ್ತಿದ್ದದ್ದು ಹುಡುಗಿಯನ್ನಲ್ಲ. ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸೋ ಹುಡುಗನನ್ನು. ಒಂದು ಭಾನುವಾರ ಇಬ್ಬರೂ ಪಾರ್ಕಿನಲ್ಲಿ ಕಡಲೆಕಾಯಿ ತಿನ್ನುತ್ತಾ ಕೂತಿದ್ದಾಗ ಒಬ್ಬ ಬಂದ. ಮಫ್ತಿಯಲ್ಲಿದ್ದೀನಿ, 377, ಹತ್ತು ವರ್ಷ ಅಂದ. ಗಿರಣಿ ವಿಳಾಸ ಬರೆದುಕೊಂಡ. ಪ್ರತಿ ತಿಂಗಳು ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿಗೆ ಬಂದು ಐವತ್ತು ರೂಪಾಯಿ ಕೊಡಬೇಕು ಅಂತ ಆಜ್ಞೆ. ಅವನು ನಿಜವಾದ ಪೊಲೀಸೋ ಅಲ್ಲವೋ ಗೇಟಿನವನಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬೇಕಾದ ಅವಶ್ಯಕತೆಯೂ ಇರಲಿಲ್ಲ. ಆ ಕಲಮಿನ ನಂಬರು ಬಾಯಿಪಾಠ ಬಂದರೆ ಸಾಕು, ಯಾರು ಬೇಕಾದರೂ ಪೊಲೀಸಾಗಬಹುದಿತ್ತು. ಪ್ರೆಸ್ಸಿನ ಹುಡುಗ ಹೆದರಿ ಊರಿಗೆ ಹೋಗಿ ಮದುವೆ ಮಾಡಿಕೊಂಡ. ಆಮೇಲೂ ಇವನು ಕೊಡುತ್ತಲೇ ಇದ್ದ. ಅಮ್ಮನಿಗೆ ಗೊತ್ತಾಗಬಾರದು ಅಂತ.

ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದ. ಒಳಗೆ ಟೆಂಟಿನ ಅರ್ಧ ಟಿಕೆಟ್ಟುಗಳು. ಗೇಟಿನಲ್ಲಿ ಹರಿದು ಇಟ್ಟುಕೊಳ್ಳುತ್ತಿದ್ದನಲ್ಲ, ಅವು. ಒಂದೊಂದರ ಹಿಂದೆಯೂ ಪೆನ್ಸಿಲಿನಲ್ಲಿ ಒಂದು ತಾರೀಖು, ಪಕ್ಕದಲ್ಲಿ 50. ಎಣಿಸಿದೆ. ಹನ್ನೊಂದು.

"ಐನೂರೈವತ್ತು ರೂಪಾಯಿ. ಹನ್ನೆರಡನೇದಕ್ಕೆ ನಿನ್ನ ಹತ್ರ ಬಂದಿದ್ದೆ" ಅಂದ.

ನೋಡಿ ಗೆಳೆಯರೇ. ಕೋರ್ಟಿನ ಲೆಕ್ಕದಲ್ಲಿ 150 ವರ್ಷಕ್ಕೆ 200 ಜನಕ್ಕಿಂತ ಕಡಿಮೆ. ಆ 200ರಲ್ಲಿ ಇವನಿಲ್ಲ. ಇವನ ಮೇಲೆ ಕೇಸಾಗಲಿಲ್ಲ, ಎಫ್‌ಐಆರ್ ಇಲ್ಲ, ಸಾಕ್ಷಿ ಇಲ್ಲ. ಹೋದದ್ದು ಏನು? ವಾಚು, ಸೈಕಲ್ಲು, ಊರು, ಅಮ್ಮ ಸತ್ತಾಗ ಹೆಗಲು ಕೊಡೋ ಭಾಗ್ಯ. ಇದೆಲ್ಲ ಯಾವ ಕಡತದಲ್ಲಿ ಬರುತ್ತೆ? ಆ ಕಲಮು ಜೈಲಿಗೆ ಹಾಕಿದವರು ಕಡಿಮೆ ನಿಜ. ಅದು ಕೆಲಸ ಮಾಡುತ್ತಿದ್ದದ್ದು ಕೋರ್ಟಿನಲ್ಲಲ್ಲ, ಬಸ್ ಸ್ಟ್ಯಾಂಡಿನಲ್ಲಿ.

ನಾನು ಜೇಬಿನಿಂದ ನೂರು ರೂಪಾಯಿ ತೆಗೆದು ಅವನ ಮುಂದೆ ಇಟ್ಟೆ. ನಕ್ಕ. "ಬಡ್ಡಿ ಎಲ್ಲೋ?" ಅಂದ. ಅವನು ನಕ್ಕದ್ದು ನನಗೆ ಅಳು ತರಿಸಿತು.

ಆಮೇಲೆ ಸಿನಿಮಾ ಮಾತೇ. 2015ರಲ್ಲಿ 'ನಾನು ಅವನಲ್ಲ... ಅವಳು' ಬಂದಾಗ ಒಬ್ಬನೇ ಹೋಗಿ ನೋಡಿದ್ದನಂತೆ. ಬಿ.ಎಸ್. ಲಿಂಗದೇವರು ನಿರ್ದೇಶನ, ಸಂಚಾರಿ ವಿಜಯ್‌ಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ತಂದ ಚಿತ್ರ. "ಅದು ನನ್ನ ಕತೆ ಅಲ್ಲ, ನಾನು ಅವನೇ" ಅಂತ ತಮಾಷೆ ಮಾಡಿದ. "ಆದರೆ ಶುರುವಿನಲ್ಲಿ ಮುಂದಿನ ಸಾಲಿನ ಹುಡುಗರು ಸಿಳ್ಳೆ ಹೊಡೆದರು. ಇಂಟರ್‌ವೆಲ್ ಆದಮೇಲೆ ಒಬ್ಬನೂ ಹೊಡೀಲಿಲ್ಲ. ಅವತ್ತು ಗೊತ್ತಾಯ್ತು ಕಾಲ ಬದಲಾಗುತ್ತೆ ಅಂತ." 2021ರಲ್ಲಿ ಅಪಘಾತವಾಗಿ ವಿಜಯ್ ತೀರಿಕೊಂಡ ದಿನ ಇವನು ಮತ್ತೆ ಫೋನು ಮಾಡಿದ್ದ. ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ಮುಂದಿನ ಸಾಲಿನ ಹುಡುಗರೇ, ಥಿಯೇಟರಿನಲ್ಲಿ ಸಿಳ್ಳೆ ನಿಮ್ಮ ಹಕ್ಕು. ಹೀರೋ ಎಂಟ್ರಿಗೆ ಹೊಡೀರಿ, ಹಾಡಿಗೆ ಹೊಡೀರಿ. ಇಂಥ ದೃಶ್ಯ ಬಂದಾಗ ಮಾತ್ರ ಒಮ್ಮೆ ಹಿಂದೆ ತಿರುಗಿ ನೋಡಿ. ನಿಮ್ಮನ್ನು ಪುಕ್ಕಟೆ ಒಳಗೆ ಬಿಟ್ಟವನು ಕಂಬಕ್ಕೆ ಒರಗಿ ನಿಂತಿರಬಹುದು.

* * *

ಈಗ ನಿನಗೆ, ಹೆಸರಿಲ್ಲದೆ ಕಾಗದ ಬರೆದ ತಮ್ಮಾ.

ಕಾನೂನು ಸತ್ತ ಸುದ್ದಿ ಬ್ಲಾಕ್‌ಮೇಲ್ ಮಾಡೋನಿಗೆ ಗೊತ್ತಿಲ್ಲ ಅಂದ್ಕೋಬೇಡ. ಗೊತ್ತಿದೆ. ನಿನಗೆ ಗೊತ್ತಿಲ್ಲ ಅನ್ನೋದೇ ಅವನ ಬಂಡವಾಳ. ಈಗ ಅಪರಾಧ ಮಾಡ್ತಿರೋನು ನೀನಲ್ಲ, ಅವನು. ಹೆದರಿಸಿ ದುಡ್ಡು ಕೀಳೋದು ನ್ಯಾಯ ಸಂಹಿತೆಯ 308ನೇ ಕಲಮಿನಲ್ಲಿ ಏಳು ವರ್ಷದವರೆಗೆ ಶಿಕ್ಷೆಯ ಅಪರಾಧ. ಬೆದರಿಕೆಗೆ 351 ಬೇರೆ ಇದೆ. ಗುಪ್ತ ಭಾಗ ಕಾಣೋ ಫೋಟೋ ನಿನ್ನ ಒಪ್ಪಿಗೆಯಿಲ್ಲದೆ ಹಂಚಿದರೆ ಐಟಿ ಕಾಯ್ದೆಯ 66ಇ, ಮೂರು ವರ್ಷದವರೆಗೆ. ಅವನು ನಿನಗೆ ಒಂದು ನಂಬರು ಹೇಳಿದರೆ ನೀನು ಮೂರು ಹೇಳು!

ಅವನ ಮೆಸೇಜು ಯಾವುದನ್ನೂ ಅಳಿಸಬೇಡ. ಮೊಬೈಲಿನಿಂದ ದುಡ್ಡು ಹೋಗಿದ್ದರೆ ಸೈಬರ್ ಅಪರಾಧದ 1930ಕ್ಕೆ ಫೋನು ಮಾಡು. ಒಬ್ಬನೇ ಠಾಣೆಗೆ ಹೋಗೋಕೆ ಅಳುಕಾದರೆ 15100, ಸರ್ಕಾರದ ಉಚಿತ ಕಾನೂನು ನೆರವಿನ ಸಹಾಯವಾಣಿ. ನಿಮ್ಮೂರ ಠಾಣೆಯಲ್ಲಿ ಎಲ್ಲರೂ ಪರಿಚಯದವರು ಅಂತ ಭಯವಾದರೆ ಬೇರೆ ಊರಿನ ಠಾಣೆಯಲ್ಲೂ ದೂರು ಕೊಡಬಹುದು, ಅವರು ತಗೋಬೇಕು. ರಾತ್ರಿ ಕೆಟ್ಟ ಯೋಚನೆ ಬಂದರೆ 14416ಕ್ಕೆ ಮಾಡು. ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ. ಮತ್ತೆ ನಿನ್ನ ಗೆಳೆಯರಲ್ಲಿ ಯಾವನಾದರೂ ಒಬ್ಬನಿಗೆ ಹೇಳು. ಕಣ್ಣು ಹೊಡೆದು "ಯಾವಳಿಗೋ" ಅಂತ ಕೇಳದವನನ್ನು ಹುಡುಕಿ ಹೇಳು.

ಎಲ್ಲ ಸರಿಹೋಗಿದೆ ಅಂತ ನಾನು ಸುಳ್ಳು ಹೇಳಲ್ಲ. ಮನೆಯವರ ಬಾಯಿ, ಊರವರ ಬಾಯಿ ಮುಚ್ಚಿಸೋಕೆ ಯಾವ ಕೋರ್ಟಿಗೂ ಆಗಲ್ಲ. ಇಬ್ಬರು ಗಂಡಸರ ಮದುವೆಗೆ ಕಾನೂನಿನ ಮಾನ್ಯತೆ ಕೊಡೋಕೆ ಸುಪ್ರೀಂ ಕೋರ್ಟು 2023ರಲ್ಲಿ ಒಪ್ಪಲಿಲ್ಲ. ಆದರೆ ನೀನು ಕಳ್ಳನಲ್ಲ, ಅಪರಾಧಿಯಲ್ಲ. ಇಷ್ಟು ಮಾತ್ರ ಅಚ್ಚಿನಲ್ಲಿ ಹಾಕಿ ಹೇಳಬಲ್ಲೆ.

ಕೊನೆಗೊಂದು ಮಾತು. ಆ ಎರಡು ಸಲ ಕೊಟ್ಟೆಯಲ್ಲ, ತಾರೀಖು, ಮೊತ್ತ ಎರಡನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೋ. ಗೇಟಿನವನೂ ಬರೆದಿಟ್ಟಿದ್ದ. ಅವನ ಹನ್ನೊಂದು ಚೀಟಿಗಳನ್ನು ತೋರಿಸೋಕೆ ಅವತ್ತು ಈ ದೇಶದಲ್ಲಿ ಒಂದು ಬಾಗಿಲೂ ಇರಲಿಲ್ಲ. ನಿನ್ನ ಚೀಟಿಗೆ ಇದೆ. ಹೋಗಿ ತೋರಿಸು.

ಸರಿ, ಕಂಡಕ್ಟರು ಸೀಟಿ ಊದಿದ. ಹತ್ತಿಕೊಳ್ಳಿ. ಮುಂದಿನ ವಾರ ಮಾಮೂಲಿನಂತೆ ನಿಮ್ಮ ಹೀರೋಗಳ ಜೊತೆ ಸಿಗೋಣ.